ಆ ಲೈಟ್ ಒಂಚೂರು ಆರಿಸಪ್ಪ

ಹೋದ ವರ್ಷ ಊರಹಬ್ಬಕ್ಕೆ ಅಂತ ಊರಿಗೆ ಹೋಗಿದ್ದೆ. ಹಬ್ಬ ಮುಗಿದ ಮಾರನೇ ದಿನ ಭಾನುವಾರ. ರಾತ್ರಿಯ ಬಾಡೂಟದ ಭಾರದಲ್ಲಿ ಜಗಲಿಯ ಮೇಲೆ ಒರಗಿಕೊಂಡು ಫೋನ್ ನೋಡ್ತಾ ಇದ್ದೆ. ಚಿಕ್ಕಪ್ಪ ಕಾರಿನ ಕೀ ತಂದು ಕೈಯಲ್ಲಿಟ್ಟ.

“ಆ ಲೈಟ್ ಒಂಚೂರು ಆರಿಸಪ್ಪ. ಬುಧವಾರ ಪಾರ್ಟಿ ಬರ್ತಾವ್ರೆ, ಗಾಡಿ ನೋಡೋಕೆ.”

ನಮ್ಮೂರು ಕ್ಯಾಸಂಬಳ್ಳಿ ಹೋಬಳಿಯಲ್ಲಿದೆ. ಮಾರಿಕುಪ್ಪಂ ಸ್ಟೇಷನ್ನಿಗೆ ಬೈಕಿನಲ್ಲಿ ಹೋಗಿ, ಅಲ್ಲಿಂದ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರ ಸೀಮೆ ಇದು. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಈ ಭಾಗದವರ ಅನ್ನ ಆ ರೈಲಿಗೇ ಜೋತುಬಿದ್ದಿದೆ. ಚಿಕ್ಕಪ್ಪನದು 2017ರ ಮಾಡೆಲ್ಲಿನ ಒಂದು ಸಣ್ಣ ಕಾರು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಈಗ ಮಗಳಿಗೆ ಕಾಲೇಜಿಗೆ ಫೀಸು ಕಟ್ಟಬೇಕು, ತಿಂಗಳ ಕೊನೆಯೊಳಗೆ. ಅದಕ್ಕೇ ಮಾರಾಟ.

ನನ್ನ ಬ್ಯಾಗಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಬ್ಲೂಟೂತ್ ಸ್ಕ್ಯಾನರ್ ಯಾವಾಗಲೂ ಇರುತ್ತದೆ. ಆನ್‌ಲೈನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವಂಥದ್ದು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅದನ್ನಿಟ್ಟುಕೊಂಡು ನಾನು ಸಣ್ಣ ಡಾಕ್ಟರಾಗಿದ್ದೇನೆ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇದೆ. ಹೊಸ ಕಾರುಗಳೆಲ್ಲದರಲ್ಲೂ ಇರುತ್ತೆ, ಬಗ್ಗಿ ನೋಡಿದವರು ಕಡಿಮೆ. ಸಿಕ್ಕಿಸಿದೆ, ಫೋನಿಗೆ ಜೋಡಿಸಿದೆ. ಒಂದೇ ಒಂದು ಕೋಡ್ ಬಂತು: ಯು0121. ಎಬಿಎಸ್ ಜೊತೆ ಸಂಪರ್ಕ ತಪ್ಪಿದೆ. ಕೆಳಗೇ ‘ಅಳಿಸಲೇ?’ ಎಂಬ ಬಟನ್. ಒತ್ತಿದೆ. ಎರಡು ಸೆಕೆಂಡ್. ಡ್ಯಾಶ್‌ಬೋರ್ಡ್ ಮೇಲಿದ್ದ ಹಳದಿ ಲೈಟ್ ಆರಿತು.

“ನೋಡಿದ್ಯಾ? ಬಿಇ ಓದಿಸಿದ್ದು ಸಾರ್ಥಕ ಆಯ್ತು,” ಅಂತ ಚಿಕ್ಕಪ್ಪ ಒಳಗಿದ್ದ ಚಿಕ್ಕಮ್ಮನಿಗೆ ಕೂಗಿ ಹೇಳಿದ. ತಮಾಷೆಗೆ ಹೇಳಿದ್ದಲ್ಲ. ಅಪ್ಪ ತೀರಿಕೊಂಡಾಗ ನಾನು ಪಿಯುಸಿ. ಆಮೇಲಿನ ನಾಲ್ಕು ವರ್ಷ ಫೀಸು ಕಟ್ಟಿದ್ದು ಇವನೇ.

ನಾನೇನು ಮಾಡಿದೆ ಅಂತ ಹೇಳಬೇಕಾದರೆ ಕಾರಿನೊಳಗೆ ಯಾರು ಯಾರ ಜೊತೆ ಮಾತಾಡ್ತಾರೆ ಅಂತ ಸ್ವಲ್ಪ ಹೇಳಬೇಕು.

ಈಗಿನ ಕಾರು ಒಂದು ಯಂತ್ರ ಅಲ್ಲ, ಒಂದು ಸಂಸಾರ. ಎಂಜಿನ್ನಿಗೊಂದು ಕಂಪ್ಯೂಟರು, ಬ್ರೇಕಿನ ಎಬಿಎಸ್‌ಗೊಂದು, ಪವರ್ ಸ್ಟೇರಿಂಗಿಗೊಂದು, ಏರ್‌ಬ್ಯಾಗಿಗೊಂದು, ಮುಂದಿನ ಮೀಟರಿಗೊಂದು. ಇವೆಲ್ಲಕ್ಕೂ ಒಂದರ ಮಾತು ಇನ್ನೊಂದಕ್ಕೆ ಬೇಕು. ಚಕ್ರ ಎಷ್ಟು ವೇಗವಾಗಿ ತಿರುಗ್ತಾ ಇದೆ ಅಂತ ಎಬಿಎಸ್‌ಗೆ ಗೊತ್ತು. ಅದು ಹೇಳಿದರೇನೇ ಸ್ಪೀಡೋಮೀಟರಿನ ಮುಳ್ಳು ಏಳುವುದು, ಎಷ್ಟು ಹಗುರ ಆಗಬೇಕು ಅಂತ ಸ್ಟೇರಿಂಗಿಗೆ ತಿಳಿಯುವುದು. ಪ್ರತಿಯೊಂದಕ್ಕೂ ಬೇರೆ ಬೇರೆ ತಂತಿ ಎಳೆಯುತ್ತಾ ಹೋದರೆ ಕಾರಿನ ತುಂಬ ತಾಮ್ರವೇ ಆಗುತ್ತೆ. ಹಾಗಾಗಿ ಜರ್ಮನಿಯ ಬಾಷ್ ಕಂಪನಿಯಲ್ಲಿ 1983ರಲ್ಲಿ ಕೆಲಸ ಶುರುಮಾಡಿ, 1986ರಲ್ಲಿ ಡೆಟ್ರಾಯಿಟ್‌ನ ಒಂದು ಸಮ್ಮೇಳನದಲ್ಲಿ ಜಗತ್ತಿಗೆ ತೋರಿಸಿದ ಏರ್ಪಾಟು ಒಂದಿದೆ. ಹೆಸರು ಕ್ಯಾನ್. ಒಂದಕ್ಕೊಂದು ತಿರುಚಿಕೊಂಡ ಎರಡೇ ತಂತಿ. ಎಲ್ಲರೂ ಅದಕ್ಕೇ ಜೋತುಬಿದ್ದಿರುತ್ತಾರೆ. ಒಬ್ಬ ಹೇಳಿದ್ದು ಎಲ್ಲರಿಗೂ ಕೇಳುತ್ತೆ. ತನಗೆ ಬೇಕಾದದ್ದನ್ನು ಎತ್ತಿಕೊಂಡು ಉಳಿದದ್ದನ್ನು ಬಿಡುವುದು ಅವರವರ ಇಷ್ಟ.

ಇಬ್ಬರು ಒಟ್ಟಿಗೆ ಬಾಯಿ ತೆರೆದರೆ? ಯಾರ ಮಾತು ಹೆಚ್ಚು ತುರ್ತಿನದೋ ಅವರದು ಮುಂದುವರಿಯುತ್ತೆ, ಇನ್ನೊಬ್ಬರು ಅರ್ಧದಲ್ಲೇ ಬಾಯಿ ಮುಚ್ಚಿ ಕಾಯುತ್ತಾರೆ. ಮುಂದುವರಿದವರ ಮಾತಿನಲ್ಲಿ ಒಂದಕ್ಷರವೂ ಕೆಡುವುದಿಲ್ಲ. ನಮ್ಮ ಆಫೀಸಿನ ಟೀಮ್ಸ್ ಕಾಲ್‌ಗಳಲ್ಲಿ ಇದನ್ನು ಇವತ್ತಿನವರೆಗೂ ಯಾರೂ ಸಾಧಿಸಿಲ್ಲ.

ನನಗೆ ತುಂಬಾ ಹಿಡಿಸುವುದು ಇನ್ನೊಂದು ನಿಯಮ. ಮಾತು ಮುಗಿಯುವ ಹೊತ್ತಿಗೆ, ಹೇಳಿದವನು ಒಂದು ಗಳಿಗೆ ಜಾಗ ಬಿಡುತ್ತಾನೆ. ಸರಿಯಾಗಿ ಕೇಳಿಸಿಕೊಂಡವರು ಯಾರಾದರೂ ಆ ಜಾಗದಲ್ಲಿ ‘ಹೂಂ’ ಅನ್ನಬೇಕು. ಒಬ್ಬರಾದರೂ ಅಂದರೆ ಸಾಕು. ಯಾರೂ ಅನ್ನದಿದ್ದರೆ ಅವನು ಅದೇ ಮಾತನ್ನು ಮತ್ತೆ ಹೇಳುತ್ತಾನೆ. ಮತ್ತೆ. ಮತ್ತೆ. ಆದರೆ ಆ ಹೂಂ ಅನ್ನೋದಕ್ಕೆ ‘ಕೇಳಿಸಿತು’ ಅಂತ ಮಾತ್ರ ಅರ್ಥ. ‘ಅರ್ಥವಾಯಿತು’ ಅಂತಲ್ಲ, ‘ಮಾಡ್ತೀನಿ’ ಅಂತಂತೂ ಅಲ್ಲವೇ ಅಲ್ಲ. ವಾಟ್ಸಾಪಿನ ನೀಲಿ ಟಿಕ್ ಹಾಗೆ. ಅಮ್ಮ ಫೋನಿನಲ್ಲಿ ಮಾತಾಡುವಾಗ ನಾನು ಲ್ಯಾಪ್‌ಟಾಪ್ ನೋಡ್ತಾ ಹೂಂ ಹೂಂ ಅನ್ನುವ ಹಾಗೆ.

ಈ ಗುಂಪಿನಲ್ಲಿ ಒಬ್ಬ ಬಹಳ ಹೊತ್ತು ಮಾತಾಡದಿದ್ದರೆ ಉಳಿದವರು ಗಮನಿಸುತ್ತಾರೆ. ‘ಇವನ ದನಿ ಕೇಳ್ತಿಲ್ಲ’ ಅಂತ ಬರೆದಿಡುತ್ತಾರೆ. ಯು ಅಕ್ಷರದಿಂದ ಶುರುವಾಗುವ ಕೋಡ್‌ಗಳೆಲ್ಲ ಹೆಚ್ಚುಕಡಿಮೆ ಇಂಥವೇ. ಯಾರು ಕೆಟ್ಟಿದ್ದಾನೆ ಅಂತ ಅವು ಹೇಳೋದಿಲ್ಲ, ಮೌನ ಇದೆ ಅಂತ ಹೇಳುತ್ತವೆ.

ನಾನು ಅಳಿಸಿದ್ದು ಅದನ್ನು.

ಮಧ್ಯಾಹ್ನ ಬೇತಮಂಗಲದ ಕಡೆ ಹೊರಟೆ, ಅದೇ ಕಾರಿನಲ್ಲಿ, ಚಿಕ್ಕಮ್ಮನಿಗೆ ಏನೋ ಸಾಮಾನು ತರಬೇಕಿತ್ತು. ಒಂದು ತಿರುವಿನಲ್ಲಿ ಹಳ್ಳಕ್ಕೆ ಇಳಿದು ಎದ್ದದ್ದೇ ಸ್ಪೀಡೋಮೀಟರ್ ಸೊನ್ನೆಗೆ ಬಿತ್ತು. ಎಬಿಎಸ್ ಲೈಟ್, ಸ್ಟೇರಿಂಗ್ ಲೈಟ್ ಎರಡೂ ಹತ್ತಿದವು. ಕೈಯೊಳಗಿನ ಸ್ಟೇರಿಂಗಿನ ತೂಕವೇ ಬದಲಾಯಿತು. ಒಂದೆರಡು ಸೆಕೆಂಡ್ ಅಷ್ಟೇ. ಮುಂದಿನ ಹಳ್ಳಕ್ಕೆ ಮುಳ್ಳು ಎದ್ದು ನಿಂತಿತು. ಅಪಾಯ ಆಯ್ತು ಅಂತ ಕಥೆ ಕಟ್ಟಲ್ಲ, ಏನೂ ಆಗಲಿಲ್ಲ. ಎದುರಿಗೆ ಬರ್ತಾ ಇದ್ದದ್ದು ಒಂದು ಟೊಮೇಟೊ ಟೆಂಪೊ. ಅದರ ಪಾಡಿಗೆ ಅದು ಹೋಯಿತು. ಆದರೆ ಬ್ರೇಕ್ ಜೋರಾಗಿ ಒತ್ತಬೇಕಾದ ಹೊತ್ತಲ್ಲಿ ಹೀಗಾದರೆ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳೋರು ಯಾರು ಅನ್ನೋದು ತಲೆಗೆ ಹೊಕ್ಕಿತು.

ಸಂಜೆ ಚಿಕ್ಕಪ್ಪನಿಗೆ ಹೇಳಿದೆ. ಅವನಿಗೆ ಗೊತ್ತಿತ್ತು! “ಅದೊಂದು ಒಂದೊಂದ್ಸಲ ಹಂಗೆ ಮಾಡ್ತೈತೆ. ನಾನು ಎರಡು ವರ್ಷದಿಂದ ಓಡಿಸ್ತಾ ಇಲ್ವಾ?”

“ತಗೊಳ್ಳೋರಿಗೆ ಹೇಳೋದಾ?”

“ನಾನು ತಗೊಂಡಾಗ ನನಗ್ಯಾರು ಹೇಳಿದ್ರು? ಅವ್ರೇನು ಕಣ್ಣಿಲ್ಲದೋರಾ? ಮೆಕ್ಯಾನಿಕ್ ಕರ್ಕೊಂಬಂದು ನೋಡಿಸಿಕೊಳ್ಳಲಿ. ನಾನು ಕೇಳಿದ್ದಕ್ಕೆ ಸುಳ್ಳು ಹೇಳಲ್ಲ. ಕೇಳದೇ ಇದ್ದದ್ದನ್ನ ಯಾಕೆ ಹೇಳಲಿ?”

ಈ ವಾದವನ್ನು ಸುಲಭಕ್ಕೆ ತಳ್ಳಿಹಾಕಬೇಡಿ. ನಾವೆಲ್ಲ ಹೀಗೇ ಬದುಕುವುದು. ಹಳೇ ಫೋನ್ ಮಾರುವಾಗ ಬ್ಯಾಟರಿ ಬಗ್ಗೆ, ಇಂಟರ್‌ವ್ಯೂನಲ್ಲಿ ಹಿಂದಿನ ಕಂಪನಿ ಬಿಟ್ಟದ್ದರ ಬಗ್ಗೆ, ಹೆಣ್ಣು ನೋಡಲು ಹೋದಾಗ ಮೈಗ್ರೇನ್ ಬಗ್ಗೆ ಯಾರೂ ತಾವಾಗಿ ಬಾಯಿ ಬಿಡೋದಿಲ್ಲ.

ರಾತ್ರಿ ಹೆಂಡತಿಗೆ ಫೋನ್ ಮಾಡಿದೆ. ಅವಳು ಎಲ್‌ಎಲ್‌ಬಿ. “ರೀ, ಇದು ಕುದುರೆ ಕೇಸು,” ಅಂದಳು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಮೋಸ ಅಂದರೇನು ಅಂತ ಹೇಳುತ್ತಾ ಕುದುರೆಯ ಉದಾಹರಣೆಗಳನ್ನು ಕೊಟ್ಟಿದ್ದಾರೆ. ಬ್ರಿಟಿಷರ ಕಾಲದ್ದಲ್ವಾ, ಅವರ ಸೆಕೆಂಡ್ ಹ್ಯಾಂಡ್ ಕಾರು ಅದು. ಕುದುರೆಗೆ ಏನೋ ಐಬಿದೆ, ಮಾರುವವನಿಗೆ ಗೊತ್ತು, ಹರಾಜಿನಲ್ಲಿ ಸುಮ್ಮನೆ ಮಾರಿದ. ಮೋಸವಲ್ಲ. ಕೊಳ್ಳುವವಳು ಅವನ ಸ್ವಂತ ಮಗಳಾಗಿದ್ದರೆ? ಆಗ ಹೇಳುವುದು ಅವನ ಕರ್ತವ್ಯ. ಮೂರನೆಯದು: ಕೊಳ್ಳುವವನು ‘ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂದುಕೊಳ್ಳುತ್ತೇನೆ’ ಅಂದ, ಮಾರುವವನು ಸುಮ್ಮನಿದ್ದ. ಇಲ್ಲಿ ಸುಮ್ಮನಿದ್ದದ್ದೇ ಮಾತಾಡಿದ್ದಕ್ಕೆ ಸಮ.

“ಹಾಗಾದ್ರೆ ಚಿಕ್ಕಪ್ಪ ಸುಮ್ಮನಿದ್ರೆ ತಪ್ಪಿಲ್ಲ?”

“ಚಿಕ್ಕಪ್ಪ ಸುಮ್ಮನಿದ್ರೆ ಅಂತ ಕೇಳ್ತೀರಲ್ಲ, ನೀವೇನು ಸುಮ್ಮನಿದ್ರಾ? ಗೊತ್ತಿರೋ ವಿಷಯ ಕಾಣದ ಹಾಗೆ ಮುಚ್ಚಿಡೋದು ಅದೇ ಸೆಕ್ಷನ್ನಲ್ಲಿ ಬೇರೇನೇ ಇದೆ. ಕುಂಟೋ ಕುದುರೆಗೆ ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಕೊಟ್ಟೋರು ನೀವು.”

ನಿದ್ದೆ ಬರಲಿಲ್ಲ. ಗೋಡೆಯಾಚೆ ದನ ಉಸಿರಾಡೋದು ಕೇಳ್ತಿತ್ತು.

ಒಂದು ಹಳೇ ಸಂಗತಿ ನೆನಪಾಯ್ತು. ನಾಲ್ಕು ವರ್ಷದ ಹಿಂದೆ ಆಫೀಸಿನಲ್ಲಿ ನನ್ನ ಆನ್‌ಕಾಲ್ ವಾರ. ಒಂದು ಅಲರ್ಟ್ ರಾತ್ರಿ ಎರಡು ಗಂಟೆಗೆ ಹೊಡ್ಕೊಳ್ಳೋದು. ಎದ್ದು ನೋಡಿದರೆ ಎಲ್ಲ ಸರಿಯಾಗಿರೋದು. ಮೂರನೇ ರಾತ್ರಿ ಅದನ್ನು 30 ದಿನಕ್ಕೆ ಮ್ಯೂಟ್ ಮಾಡಿ ಮಲಗಿದೆ. ಕಾಮೆಂಟಿನಲ್ಲಿ ‘ಸುಳ್ಳು ಅಲರ್ಟ್’ ಅಂತಲೂ ಬರೆದೆ. ಹದಿನೆಂಟನೇ ದಿನ ಅದು ನಿಜವಾಗಿತ್ತು, ಬೆಳಗ್ಗೆವರೆಗೂ ಯಾರಿಗೂ ಗೊತ್ತಾಗಲಿಲ್ಲ. ತಪ್ಪು ನನ್ನದೇ. ಮೀಟಿಂಗಿನಲ್ಲಿ ಯಾರೂ ಬೈಯಲಿಲ್ಲ. ಅಂಥ ಮೀಟಿಂಗಿಗೆ ‘ಯಾರನ್ನೂ ದೂರದ ವಿಮರ್ಶೆ’ ಅಂತ ಹೆಸರು. ನಮ್ಮ ವೃತ್ತಿಯಲ್ಲಿ ಇಂಥದಕ್ಕೆ ಮುಖ ಕೆಂಪಾಗುವ ಅಭ್ಯಾಸವೇ ಹೋಗಿದೆ. ಕಾರಿನ ವಿಷಯದಲ್ಲೂ ನಾನು ಮಾಡಿದ್ದು ಅದನ್ನೇ. ಎರಡು ಕಡೆಯೂ ದೋಷವನ್ನು ಮುಟ್ಟಲಿಲ್ಲ. ನನ್ನ ನಿದ್ದೆಗೆ, ಚಿಕ್ಕಪ್ಪನ ವ್ಯಾಪಾರಕ್ಕೆ ಅಡ್ಡ ಬರುತ್ತಿದ್ದ ಸುದ್ದಿಯನ್ನು ಸರಿಪಡಿಸಿದೆ.

ಇದನ್ನು ಕಾರೇ ತಾನಾಗಿ ಮಾಡುವಂತೆ ಬರೆದವರೂ ಇದ್ದಾರೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ನೆನಪಿರಬಹುದು. ಹೊಗೆ ಪರೀಕ್ಷೆ ನಡೀತಾ ಇದೆ ಅಂತ ಗುರುತಿಸಿ, ಆಗ ಮಾತ್ರ ಒಳ್ಳೆಯವನಾಗುವ ಸಾಫ್ಟ್‌ವೇರು, ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ. ಅದನ್ನು ಟೈಪ್ ಮಾಡಿದ ಎಂಜಿನಿಯರುಗಳೂ ನನ್ನಂಥವರೇ ಇರಬೇಕು. ಮೇಲಿನವರು ‘ಆ ಲೈಟ್ ಒಂಚೂರು ಆರಿಸಪ್ಪ’ ಅಂದಿರಬೇಕು, ಜರ್ಮನ್ನಿನಲ್ಲಿ.

ಸೋಮವಾರ ಬೆಳಗ್ಗೆ ವರ್ಕ್ ಫ್ರಮ್ ಹೋಮ್ ಅಂತ ಮೆಸೇಜ್ ಹಾಕಿ, ಚಿಕ್ಕಪ್ಪನನ್ನು ಹೇಗೋ ಒಪ್ಪಿಸಿ, ಕಾರನ್ನು ರಾಬರ್ಟ್‌ಸನ್‌ಪೇಟೆಗೆ ತಗೊಂಡು ಹೋದೆ. ಮಾರಿಕುಪ್ಪಂ ದಾಟಿ ಹೋಗುವಾಗ ಸೈನೈಡ್ ದಿಬ್ಬಗಳು ಬಿಸಿಲಿಗೆ ಬೂದುಬಣ್ಣದ ಬೆಟ್ಟಗಳ ಹಾಗೆ ನಿಂತಿದ್ದವು. ಚಿನ್ನ ತೆಗೆದು ಉಳಿದ ಪುಡಿ, ಗಾಳಿ ಎದ್ದರೆ ಈಗಲೂ ಹಾರುತ್ತೆ. ನಾನು ಚಿಕ್ಕವನಿದ್ದಾಗ ಗಣಿಯ ಸೈರನ್ ನಮ್ಮೂರಿನ ಗಡಿಯಾರ. ಅದು ಕೂಗಿದರೆ ಅಜ್ಜಿ ಒಲೆ ಹಚ್ಚೋಳು. ನಿಂತ ಮೇಲೂ ಎಷ್ಟೋ ದಿನ ಆ ಹೊತ್ತಿಗೆ ತಲೆ ಎತ್ತಿ ಮಾರಿಕುಪ್ಪಂ ದಿಕ್ಕಿಗೆ ನೋಡೋಳು.

ಗ್ಯಾರೇಜಿನ ಮೇಸ್ತ್ರಿಗೆ ಐವತ್ತೈದರ ಮೇಲೆ. ಅವರಪ್ಪ ಚಾಂಪಿಯನ್ ರೀಫಿನಲ್ಲಿ ಕೆಲಸ ಮಾಡಿದವರು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಾರೆ. ಅವರ ಹತ್ತಿರ ಟ್ಯಾಬ್ಲೆಟ್ ಅಂಥ ದೊಡ್ಡ ಸ್ಕ್ಯಾನರ್ ಇತ್ತು. ಸಾಲ ಮಾಡಿ ತಂದದ್ದು ಅಂತ ಆಮೇಲೆ ಹೇಳಿದರು. ಸಿಕ್ಕಿಸಿ ಒಂದು ನಿಮಿಷ ನೋಡಿ, ಕನ್ನಡಕದ ಮೇಲಿಂದ ನನ್ನ ಕಡೆ ತಿರುಗಿದರು.

“ಯಾರು ತಂಬಿ ಅಳಿಸಿದ್ದು?”

ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅಂತ ಕಾರು ಲೆಕ್ಕ ಇಟ್ಟಿರುತ್ತೆ. 43 ಅಂತ ತೋರಿಸ್ತಾ ಇತ್ತು. ಎಂಜಿನ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಪಟ್ಟಿಯಲ್ಲೂ ‘ಇನ್ನೂ ಮುಗಿದಿಲ್ಲ’ ಅಂತ ಬರ್ತಾ ಇತ್ತು. ಮರೆಸಿದ್ದನ್ನು ಕಾರು ಮರೆತಿರಲಿಲ್ಲ.

“ನಾನೇ ಅಣ್ಣ.”

“ಅಳಿಸದೇ ತಂದಿದ್ರೆ ಯಾವ ಸ್ಪೀಡಲ್ಲಿ, ಎಷ್ಟು ಆರ್‌ಪಿಎಂನಲ್ಲಿ ಬಂತು ಅಂತ ನೋಡಬಹುದಿತ್ತು. ಎಲ್ಲಾ ತೊಳೆದುಬಿಟ್ಟಿದ್ದೀರ. ಕಳ್ಳತನ ಆದ ಮನೇನ ಪೊಲೀಸ್ ಬರೋಕೆ ಮುಂಚೆ ಸಾರಿಸಿದ ಹಂಗೆ.”

ಇದು ನನಗೆ ಹೊಳೆದೇ ಇರಲಿಲ್ಲ. ಮುಚ್ಚಿಟ್ಟರೆ ಬೇರೆಯವರಿಗೆ ಮೋಸ ಆಗುತ್ತೆ ಅಂತ ರಾತ್ರಿಯೆಲ್ಲ ಯೋಚಿಸಿದ್ದೆ. ಆದರೆ ಕೋಡ್ ಅಳಿಯುವಾಗ ಆ ಕ್ಷಣದ ಪೂರ್ತಿ ಚಿತ್ರವೂ ಅದರ ಜೊತೆಗೆ ಹೋಗುತ್ತದೆ. ನಾಳೆ ನನಗೇ ನಿಜ ಬೇಕಾದರೂ ಸಿಗುವುದಿಲ್ಲ.

ಅದೃಷ್ಟಕ್ಕೆ ನನ್ನ ಅಗ್ಗದ ಸ್ಕ್ಯಾನರಿಗೆ ಎಂಜಿನ್ ಒಂದರ ಹತ್ತಿರ ಮಾತ್ರ ಮಾತು ಬರ್ತಿತ್ತು. ಸ್ಟೇರಿಂಗಿನವನು, ಮೀಟರಿನವನು ಇಬ್ಬರೂ ತಮ್ಮ ತಮ್ಮ ಪುಸ್ತಕದಲ್ಲಿ ಅದೇ ದೂರನ್ನು ಹಾಗೇ ಇಟ್ಟುಕೊಂಡಿದ್ದರು: ಎಬಿಎಸ್ ದನಿ ಕೇಳ್ತಿಲ್ಲ. ನಾನು ಒಬ್ಬನ ಬಾಯಿ ಮಾತ್ರ ಮುಚ್ಚಿಸಿದ್ದೆ.

“ಎಂಜಿನ್ ಕಂಪ್ಯೂಟರ್ ಹೋಗಿದೆ ಅಂತ ಮೊದಲು ಯಾರೋ ಹೇಳಿದ್ರು,” ಅಂದ ಚಿಕ್ಕಪ್ಪ.

ಮೇಸ್ತ್ರಿ ನಕ್ಕರು. “ದೂರು ಕೊಟ್ಟೋನ ಮನೇಲಿ ಹುಡುಕ್ತಾರಾ? ಕಾಣೆ ಆದೋನನ್ನ ಹುಡುಕಬೇಕು.”

ಆಮೇಲೆ ಅವರು ಸ್ಕ್ಯಾನರ್ ಪಕ್ಕಕ್ಕಿಟ್ಟುಬಿಟ್ಟರು. ನನಗದು ಆಶ್ಚರ್ಯ. ಬ್ಯಾಟರಿ ತಂತಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮಾಮೂಲಿ ಮಲ್ಟಿಮೀಟರ್ ತಗೊಂಡು ಸಾಕೆಟ್ಟಿನ 6 ಮತ್ತು 14ನೇ ಪಿನ್ನಿಗೆ ಮುಟ್ಟಿಸಿದರು. ಆ ಎರಡು ತಂತಿಯ ಎರಡೂ ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತೆ. ತುದಿಗೆ ಹೋದ ಮಾತು ಗೋಡೆಗೆ ಬಡಿದ ಹಾಗೆ ವಾಪಸು ಬಂದು ಗಲಿಬಿಲಿ ಆಗಬಾರದು ಅಂತ. ಎರಡೂ ಸರಿಯಿದ್ದರೆ ಮೀಟರು 60 ತೋರಿಸಬೇಕು. ತೋರಿಸಿತು. “ಸರೀಗೈತೆ,” ಅಂದೆ. ಅವರು ಮಾತಾಡಲಿಲ್ಲ. ಮೀಟರ್ ನನ್ನ ಕೈಗೆ ಕೊಟ್ಟು ಬಾನೆಟ್ ಒಳಗೆ ಕೈ ಹಾಕಿ ತಂತಿಯ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋದರು, ಅಜ್ಜಿ ಹೊಟ್ಟೆನೋವಿಗೆ ಒತ್ತಿ ಒತ್ತಿ ‘ಇಲ್ಲಾ? ಇಲ್ಲಾ?’ ಅಂತ ಕೇಳೋಳಲ್ಲ, ಹಾಗೆ. ಎಡಗಡೆ ಚಕ್ರದ ಮೇಲ್ಭಾಗಕ್ಕೆ ಬಂದಾಗ ಮೀಟರು 120ಕ್ಕೆ ಹಾರಿತು. ಮತ್ತೆ 60. ಮತ್ತೆ 120.

ಇಲಿ. ನಮ್ಮನೆ ರಾಗಿ ಹುಲ್ಲಿನ ಮೆದೆ ಪಕ್ಕದಲ್ಲೇ ಕಾರು ನಿಲ್ಲೋದು. ಟೇಪ್ ಬಿಚ್ಚಿದರೆ ತಿರುಚಿದ ಎರಡೂ ತಂತಿ ಕಡಿದು, ನಾಲ್ಕೈದು ಎಳೆಯಲ್ಲಿ ನೇತಾಡ್ತಿದ್ದವು. ಕುಲುಕಿದರೆ ಬಿಡುತ್ತೆ, ಇನ್ನೊಂದು ಕುಲುಕಿಗೆ ಮುಟ್ಟುತ್ತೆ. ಭಾನುವಾರ ನಾನು ಲೈಟ್ ಆರಿಸಿದಾಗ ಮುಟ್ಟಿಕೊಂಡಿತ್ತು, ಅಷ್ಟೇ.

ಎಬಿಎಸ್‌ನ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಅದು ತಂತಿಯ ಆಚೆ ತುದಿಯಲ್ಲಿ ಒಂಟಿಯಾಗಿ ಕೂತು ಚಕ್ರದ ವೇಗವನ್ನು ಹೇಳ್ತಾನೇ ಇತ್ತು. ಹೂಂ ಅನ್ನೋರು ಯಾರೂ ಇರಲಿಲ್ಲ. ಕ್ಯಾನ್ ನಿಯಮದಲ್ಲಿ ಇದಕ್ಕೊಂದು ಕರುಣೆ ಇದೆ, ಊರಿಂದ ವಾಪಸು ಬಂದ ಮೇಲೆ ಓದಿದ್ದು. ಪ್ರತಿಯೊಬ್ಬನೂ ತನ್ನ ತಪ್ಪುಗಳ ಲೆಕ್ಕ ತಾನೇ ಇಡಬೇಕು. ಹೇಳಿದ್ದು ತಪ್ಪಾದರೆ ಲೆಕ್ಕ 8 ಏರುತ್ತೆ, ಒಂದು ಮಾತು ಸರಿಯಾಗಿ ಹೋದರೆ 1 ಇಳಿಯುತ್ತೆ. 127 ದಾಟಿದರೆ ಅವನು ಬೇರೆಯವರ ಮಾತನ್ನು ತಡೆಯುವ ಹಕ್ಕು ಕಳೆದುಕೊಳ್ಳುತ್ತಾನೆ. 255 ದಾಟಿದರೆ ತಾನಾಗಿ ಗುಂಪು ಬಿಟ್ಟು ಸುಮ್ಮನಾಗಬೇಕು. ಯಾರೂ ಹೊರಗೆ ಹಾಕುವುದಿಲ್ಲ, ತಾನೇ ಹೋಗಬೇಕು. ನಮ್ಮ ಟಿವಿ ಚಾನೆಲ್ಲುಗಳಿಗೆ ಇದನ್ನು ಅಳವಡಿಸಿದರೆ ಸಂಜೆಗಳು ಎಷ್ಟು ಶಾಂತವಾಗಿರುತ್ತವೆ ಅಂತ ಒಮ್ಮೆ ಅಂದುಕೊಳ್ಳಿ. ಆದರೆ ಕೇಳುವವರೇ ಇಲ್ಲದೆ ಮಾತು ಸೋತರೆ ಲೆಕ್ಕ 128ರ ಹತ್ತಿರ ನಿಂತುಬಿಡುತ್ತದೆ. ಅದೊಂದೇ ಕಾರಣಕ್ಕೆ ಯಾರೂ ಗುಂಪು ಬಿಡಬೇಕಾಗಿಲ್ಲ. ಯಾರಾದರೂ ಬರಲಿ ಅಂತ ಹೇಳುತ್ತಲೇ ಇರಬಹುದು.

ಇದನ್ನೆಲ್ಲ ಬರೆದವರು ಎಂಜಿನಿಯರುಗಳು, ಋಷಿಗಳಲ್ಲ. ಕಾರು ನಿಂತುಹೋಗಬಾರದು ಅನ್ನೋದಷ್ಟೇ ಅವರ ಚಿಂತೆ.

ಮೇಸ್ತ್ರಿ ತಂತಿ ಕತ್ತರಿಸಿ, ಬೆಸುಗೆ ಹಾಕಿ, ಮತ್ತೆ ತಿರುಚಿ, ಟೇಪ್ ಸುತ್ತಿದರು. 900 ರೂಪಾಯಿ ತಗೊಂಡರು. ಅಲ್ಲಿಗೆ ಮುಗಿದಿದ್ದರೆ ಈ ಬರಹ ಬರೀತಿರಲಿಲ್ಲ. ಹೊರಡುವಾಗ ಅವರು, “ತಂಬಿ, ಎಬಿಎಸ್ ಕನೆಕ್ಟರ್ ಒಳಗೂ ಹಸಿರು ಕಟ್ಟಿದೆ. ನೀರು ಹೋಗಿದೆ ಯಾವಾಗಲೋ. ಕ್ಲೀನ್ ಮಾಡಿದ್ದೀನಿ. ಮಳೆಗಾಲ ತಡೀತದಾ ಅಂತ ನಾನು ಹೇಳಲಾರೆ. ಒಳಗೆ ಹೋಗಿದ್ರೆ ಮಾಡ್ಯೂಲೇ ಬದಲಾಯಿಸಬೇಕು, ಅದು ದೊಡ್ಡ ದುಡ್ಡು,” ಅಂದರು.

ದಾರಿಯಲ್ಲಿ ಚಿಕ್ಕಪ್ಪ ಒಂದೇ ಮಾತು ಅಂದ: “ಸರಿಹೋಯ್ತಲ್ಲ, ಬಿಡು.”

ನಮ್ಮ ತಾತ ಗಣಿಯಲ್ಲಿ ಸ್ವಲ್ಪ ವರ್ಷ ಕೆಲಸ ಮಾಡಿದ್ದ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ. ಪಂಜರದಲ್ಲಿ ಜನ ಇಳಿಯುವಾಗ ಮೇಲೆ ವೈಂಡಿಂಗ್ ಎಂಜಿನ್ ನಡೆಸುವವನಿಗೆ ಕೆಳಗಿನದು ಏನೂ ಕಾಣದು. ಎಲ್ಲ ಗಂಟೆಯ ಮೇಲೆ. ಕೆಳಗಿನವನು ಹೊಡೆದ ಗಂಟೆಯನ್ನೇ ಮೇಲಿನವನು ತಿರುಗಿ ಹೊಡೆದು ತೋರಿಸಿದ ಮೇಲೆ ಪಂಜರ ಅಲ್ಲಾಡೋದು ಅಂತ ತಾತ ಹೇಳೋನು. “ಒಂದು ಗಂಟೆ ಸುಳ್ಳಾದ್ರೆ ಒಂದು ಪಂಜರ ಜನ,” ಅನ್ನೋನು. ಆಗ ಅದು ನನಗೆ ಕಥೆ.

ಬುಧವಾರ ಪಾರ್ಟಿ ಬಂದರು. ಕಾಮಸಮುದ್ರದ ಕಡೆಯವರು, ನನ್ನ ವಯಸ್ಸೇ. ದಿನಾ ರೈಲಿಗೆ ಹೋಗಿ ವೈಟ್‌ಫೀಲ್ಡಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಮಾಡೋರು. ಜೊತೆಗೆ ಹೆಂಡತಿ. ಕಾರು ಅವರು ಕಲಿಯೋದಕ್ಕಂತೆ, ಮಗುವನ್ನು ಸ್ಕೂಲಿಗೆ ಬಿಡೋದಕ್ಕೆ. ಮೆಕ್ಯಾನಿಕ್ ಯಾರನ್ನೂ ಕರ್ಕೊಂಡು ಬಂದಿರಲಿಲ್ಲ.

ಚಿಕ್ಕಪ್ಪ ತಾನಾಗೇ ಹೇಳಿದ. ಅದನ್ನು ಹೇಳಲೇಬೇಕು ನಾನು. “ಇಲಿ ಒಂದು ವೈರ್ ಕಡಿದಿತ್ತು. ಮೊನ್ನೆ ರೆಡಿ ಮಾಡ್ಸಿದೀವಿ,” ಅಂತ ರಸೀದಿ ತೋರಿಸಿದ. ಅವರು ಸುತ್ತ ಒಂದು ಸಲ ನೋಡಿದರು. ಟೈರ್ ಒದ್ದು ನೋಡಿದರು (ಯಾಕೆ ಒದೀತಾರೋ, ನಾನೂ ಒದೀತೀನಿ). ಆಮೇಲೆ ಕೇಳಿದರು:

“ಬೇರೇನೂ ಇಲ್ವಲ್ಲಣ್ಣ? ನಿಮ್ಮ ಮಾತಿನ ಮೇಲೆ ತಗೊಳ್ತೀನಿ.”

ಕುದುರೆಯ ಮೂರನೇ ಉದಾಹರಣೆ ನಮ್ಮನೆ ಅಂಗಳಕ್ಕೇ ಬಂದು ನಿಂತಿತ್ತು.

ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. ಮೆದೆಯ ಕಡೆ ನೋಡ್ತಾ ಇದ್ದ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಮೂರು ಸೆಕೆಂಡ್ ಇರಬಹುದು. ನಾನೇ ಹೇಳಿದೆ. ಕನೆಕ್ಟರ್ ವಿಷಯ, ಮಳೆಗಾಲದ ವಿಷಯ, ಮಾಡ್ಯೂಲಿನ ವಿಷಯ. ಲೈಟ್ ಬಂದರೆ ಅಳಿಸಬೇಡಿ, ಹಾಗೇ ಗ್ಯಾರೇಜಿಗೆ ತಗೊಂಡು ಹೋಗಿ ಅಂತಲೂ ಹೇಳಿದೆ. ಆ ಹೆಣ್ಣುಮಗಳು ಗಂಡನ ಮುಖ ನೋಡಿದರು. ಅವರಿಬ್ಬರೂ ಹೋಗಿ ಬೇಲಿ ಹತ್ತಿರ ನಿಂತು ಮಾತಾಡಿಕೊಂಡು ಬಂದು, 15 ಸಾವಿರ ಕಡಿಮೆ ಕೇಳಿದರು. 12ಕ್ಕೆ ನಿಂತಿತು.

ನಾನು ಮಾಡಿದ್ದು ಸರಿಯಾ? ಸರಿ ಅಂತಲೇ ಈಗಲೂ ಅನ್ನಿಸುತ್ತೆ, ಆದರೆ ಅದು ನನಗೆ ಎಷ್ಟು ಅಗ್ಗಕ್ಕೆ ಬಿತ್ತು ಅನ್ನೋದೂ ಕಾಣುತ್ತೆ. ಸತ್ಯ ಹೇಳಿದ್ದು ನಾನು, ಬಿಲ್ಲು ಬಂದದ್ದು ಚಿಕ್ಕಪ್ಪನ ಹೆಸರಿಗೆ. 12 ಸಾವಿರ ಅಂದರೆ ನನಗೆ ಒಂದು ವಾರಾಂತ್ಯದ ಚಿಕ್ಕಮಗಳೂರು. ಅವನಿಗೆ ಎರಡು ತಿಂಗಳ ಹಾಲಿನ ದುಡ್ಡು. ಭಾನುವಾರ ಅವನ ಪರವಾಗಿ ಲೈಟ್ ಆರಿಸಿದವನೇ ಬುಧವಾರ ಅವನ ಎದುರಿಗೇ ಬಾಯಿ ಬಿಟ್ಟದ್ದು. ಮೊದಲೇ ಅವನ ಹತ್ತಿರ ಕೂತು, ‘ನಾನು ಇದನ್ನ ಹೇಳ್ತೀನಿ ಚಿಕ್ಕಪ್ಪ’ ಅಂತ ಹೇಳಬಹುದಿತ್ತು. ಸೋಮವಾರ, ಮಂಗಳವಾರ ಎರಡು ರಾತ್ರಿ ಇತ್ತು. ಹೇಳಲಿಲ್ಲ. ಪಾರ್ಟಿ ಕೇಳದೇ ಹೋಗಲಿ ಅಂತ ನಾನೂ ಒಳಗೊಳಗೆ ಕಾಯ್ತಾ ಇದ್ದೆ ಅನ್ನಿಸುತ್ತೆ.

ಕಾಯ್ದೆಯ ಆ ಎರಡನೇ ಉದಾಹರಣೆಯಲ್ಲೂ ನನಗೆ ತೊಡಕಿದೆ. ಮಗಳಿಗಾದರೆ ಹೇಳಬೇಕು, ಅಪರಿಚಿತನಿಗೆ ಬೇಡ. ಹತ್ತಿರದವರಿಗೆ ಹೆಚ್ಚು ಋಣ ಅನ್ನೋದು ನಿಜವೇ. ಆದರೆ ಆ ಹೆಣ್ಣುಮಗಳು ತಿರುವಿನಲ್ಲಿ ಸ್ಟೇರಿಂಗ್ ಹಿಡಿದಾಗ ಅವರು ಯಾರ ಮಗಳು ಅಂತ ಟೊಮೇಟೊ ಟೆಂಪೊ ಕೇಳೋದಿಲ್ಲ. ಇತ್ತ ನನ್ನ ಫೀಸು ಕಟ್ಟಿದವನಿಗೆ ನಾನು ಕೊಡಬೇಕಾದ್ದು ಏನಿತ್ತು? ಮೌನವಾ? ಕೊಡಬೇಕಾದ ಸಾಲವನ್ನು ಮೂರನೆಯವರ ಜೇಬಿನಿಂದ ತೀರಿಸಲು ಬರುತ್ತಾ? ಇಲ್ಲ ಅಂತ ನನಗೆ ಗೊತ್ತು. ಅವನ ಜೇಬಿನಿಂದಲೇ ತೆಗೆದು ನಾನು ಒಳ್ಳೆಯವನಾದದ್ದೂ ಗೊತ್ತು.

ಬೆಂಗಳೂರಿಗೆ ಬಂದು 12 ಸಾವಿರ ಚಿಕ್ಕಪ್ಪನ ಅಕೌಂಟಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ವಾಪಸು ಬಂತು. ತಂಗಿಯ ಕೈಲಿ ಮಾಡಿಸಿರಬೇಕು, ಅವನಿಗೆ ಫೋನ್‌ಪೇ ಬರಲ್ಲ. ಫೀಸಿಗೆ ಎಲ್ಲಿಂದ ಹೊಂದಿಸಿದ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗಲೂ ಭಾನುವಾರ ಫೋನ್ ಮಾಡ್ತೀನಿ. ಎತ್ತಿಕೊಳ್ತಾನೆ. ಮಳೆ ಬಂತಾ ಅಂತ ಕೇಳಿದರೆ ಹೂಂ. ಹಸು ಕರು ಹಾಕ್ತಾ ಅಂದರೆ ಹೂಂ. ದೀಪಾವಳಿಗೆ ಬರ್ತೀನಿ ಅಂತ ಹೇಳಿದೆ, ಅದಕ್ಕೂ ಹೂಂ ಅಂದ.